ಹಡಗಿನ ಹೆಸರು, ನದಿಯ ಹೆಸರು

ಅವರು: ಹವಾಮಾನ, ತೈಲ, ಯುದ್ಧ, ದೇಶದೇಶಗಳ ಸಾಲ, ಇವೆಲ್ಲ ಇಡೀ ಲೋಕಕ್ಕೆ ಸೇರಿದ ಸಂಗತಿಗಳು. ಇವನ್ನು ನೋಡಲಿಕ್ಕೆ ಕಪ್ಪು ಹೆಂಗಸರ ಸ್ತ್ರೀವಾದವೇ ಬೇಕು ಎನ್ನುವ ಮಾತು ನನಗಿನ್ನೂ ಅರಗಿಲ್ಲ ಮೇಡಂ. ಇಂಗಾಲಕ್ಕೆ ಬಣ್ಣವಿಲ್ಲ, ಲಿಂಗವಿಲ್ಲ. ಸಮುದ್ರ ಉಕ್ಕಿದರೆ ಬಿಳಿಯರ ಬಂಗಲೆಯನ್ನೂ ನುಂಗುತ್ತದೆ, ಕರಿಯರ ಗುಡಿಸಲನ್ನೂ ನುಂಗುತ್ತದೆ. ಎಲ್ಲರಿಗೂ ಬಂದ ಆಪತ್ತಿನ ಎದುರು ಒಬ್ಬೊಬ್ಬರೂ ತಂತಮ್ಮ ಗುರುತಿನ ಚೀಟಿ ಹಿಡಿದು ನಿಂತರೆ ಒಟ್ಟಾಗುವುದು ಯಾವಾಗ? ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿ ಸೆಮಿನಾರುಗಳ ಮೂಲಕ ರಫ್ತಾದ ಸರಕು ಇದು ಎಂದೇ ನನ್ನ ಗುಮಾನಿ.

ಇವರು: ಸಮುದ್ರಕ್ಕೆ ಬಣ್ಣ ಗೊತ್ತಿಲ್ಲ, ನಿಜ. ತೈಲದ ಕೊಳವೆ ಯಾರ ಹಿತ್ತಲಲ್ಲಿ ಹಾಯಬೇಕು ಎಂದು ನಕ್ಷೆ ಬರೆಯುವವರಿಗೆ ಗೊತ್ತಿರುತ್ತದೆ. ಅದಿರಲಿ, ಸಿದ್ಧಾಂತದಿಂದ ಹೊರಟರೆ ನಾವು ಇಲ್ಲೇ ಕೂತಿರುತ್ತೇವೆ. ಒಂದು ಹಡಗಿನಿಂದ ಹೊರಡೋಣ. ಶೆವ್ರಾನ್ ಕಂಪನಿಯ ಒಂದು ದೊಡ್ಡ ತೈಲ ಟ್ಯಾಂಕರಿನ ಮೈಮೇಲೆ ಕಾಂಡೊಲೀಜಾ ರೈಸ್ ಎಂಬ ಹೆಸರಿತ್ತು. ಆಕೆ 1991ರಿಂದ ಆ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿದ್ದವರು. 2001ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಲಹೆಗಾರರಾದ ಮೇಲೆ ಜನ ಆಡಿಕೊಳ್ಳಲು ಶುರುಮಾಡಿದ್ದರಿಂದ ಕಂಪನಿ ಸದ್ದಿಲ್ಲದೆ ಹಡಗಿನ ಹೆಸರನ್ನು ಆಲ್ಟೇರ್ ವಾಯೇಜರ್ ಎಂದು ಬದಲಿಸಿತು. ಮರುವರ್ಷ, 2002ರ ಜುಲೈ ತಿಂಗಳಲ್ಲಿ, ನೈಜೀರಿಯಾದ ನೈಜರ್ ನದಿಯ ಮುಖಜಭೂಮಿಯಲ್ಲಿ ಅದೇ ಕಂಪನಿಯ ಎಸ್ಕ್ರಾವೋಸ್ ಟರ್ಮಿನಲ್ಲಿಗೆ ಉಗ್ಬೊರೊಡೊ ಹಳ್ಳಿಯ ಇಟ್ಸೆಕಿರಿ ಹೆಂಗಸರು ನೂರಾರು ಮಂದಿ ದೋಣಿಯಲ್ಲಿ ಬಂದಿಳಿದರು. ಮೂವತ್ತರ ಆಸುಪಾಸಿನವರಿಂದ ಹಿಡಿದು ತೊಂಬತ್ತರ ಅಜ್ಜಿಯರ ತನಕ ಇದ್ದರು; ಕೈಯಲ್ಲಿ ಆಯುಧವಿರಲಿಲ್ಲ. ವಿಮಾನ ಇಳಿಯುವ ಪಟ್ಟಿ, ಹೆಲಿಕಾಪ್ಟರ್ ಇಳಿಯುವ ಕಟ್ಟೆ, ದೋಣಿಗಟ್ಟೆ, ಒಳಗೆ ಹೋಗಿ ಹೊರಗೆ ಬರುವ ಮೂರೂ ದಾರಿಗಳಲ್ಲಿ ಕೂತುಬಿಟ್ಟರು. ಸುಮಾರು 700 ಮಂದಿ ನೌಕರರು, ಅವರಲ್ಲಿ ಅಮೆರಿಕನ್ನರು, ಬ್ರಿಟಿಷರು, ಕೆನಡಾದವರು, ನೈಜೀರಿಯನ್ನರು, ಒಳಗೇ ಸಿಕ್ಕಿಕೊಂಡರು. ದಿನಕ್ಕೆ ಲಕ್ಷಾಂತರ ಪೀಪಾಯಿ ತೈಲ ಸಾಗಿಸುವ ಯಂತ್ರ ಹತ್ತು ದಿನಗಳ ಮಟ್ಟಿಗೆ ಅಡುಗೆಮನೆಯ ಕೈಗಳಿಗೆ ಸಿಕ್ಕಿ ನಿಂತಿತು. ಎಸ್ಕ್ರಾವೋಸ್ ಎನ್ನುವುದು ಅಲ್ಲಿನ ನದಿಯ ಹೆಸರು; ಪೋರ್ಚುಗೀಸ್ ಭಾಷೆಯಲ್ಲಿ ಗುಲಾಮರು ಎಂದು ಅರ್ಥ.

ಅವರು: ಹಡಗಿಗೆ ಕಪ್ಪು ಹೆಂಗಸಿನ ಹೆಸರು, ನದಿಗೆ ಗುಲಾಮರ ಹೆಸರು. ಕಥೆಗಾರನಿಗೆ ಹಬ್ಬ. ಆದರೆ ಕಾಕತಾಳೀಯವನ್ನೇ ವಾದ ಮಾಡಬೇಡಿ. ಇನ್ನೂ ನೋಡಿದರೆ ನಿಮ್ಮ ಹಡಗು ನಿಮ್ಮ ವಾದವನ್ನೇ ಮುಳುಗಿಸುತ್ತದೆ. ಕಪ್ಪು ಹೆಂಗಸಿನ ಕಣ್ಣಿಗೆ ಬೇರೆಯದೇ ಲೋಕ ಕಾಣುತ್ತದೆ ಎನ್ನುವುದಾದರೆ ರೈಸ್ ಅವರಿಗೂ ಅದು ಕಾಣಬೇಕಿತ್ತಲ್ಲ? ಅವರು ಹುಟ್ಟಿದ್ದು ವರ್ಣಭೇದ ಕಾನೂನಾಗಿದ್ದ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ. ಹಾಗಿದ್ದೂ ತೈಲ ಕಂಪನಿಯ ಮಂಡಳಿಯಲ್ಲಿ ಕೂತರು, ಇರಾಕ್ ಯುದ್ಧಕ್ಕೆ ಬೆಂಬಲವಾಗಿ ನಿಂತರು.

ಇವರು: ಹಡಗನ್ನು ಮೊದಲು ತಂದದ್ದು ಅದಕ್ಕೇ. ಚರ್ಮ ಕಣ್ಣು ಕೊಡುವುದಿಲ್ಲ. ಈ ಚಿಂತನೆಯವರು ಹಾಗೆ ಹೇಳಿಯೂ ಇಲ್ಲ. ಹೇಳಿದ್ದಾರೆಂದು ನಾವು ಅಂದುಕೊಂಡಿದ್ದೇವೆ. 1974ರಲ್ಲಿ ಬಾಸ್ಟನ್ನಿನಲ್ಲಿ ಕೆಲವು ಕಪ್ಪು ಹೆಂಗಸರು ಕೂಡಿ ಒಂದು ಗುಂಪು ಕಟ್ಟಿ ಅದಕ್ಕೆ ಕಂಬಾಹೀ ನದಿಯ ಹೆಸರಿಟ್ಟರು. ಅವರು 1977ರಲ್ಲಿ ಬರೆದ ಹೇಳಿಕೆ ಇವತ್ತಿಗೂ ಈ ಚಿಂತನೆಯ ಮೂಲಪಠ್ಯಗಳಲ್ಲೊಂದು. ಅದರ ಸಾರ ಇಷ್ಟು: ಜನಾಂಗ, ಲಿಂಗ, ವರ್ಗ ಬೇರೆಬೇರೆ ಹೊರೆಗಳಾಗಿ ಬರುವುದಿಲ್ಲ, ಒಂದಕ್ಕೊಂದು ಹೆಣೆದುಕೊಂಡು ಬರುತ್ತವೆ, ಬಂಡವಾಳಶಾಹಿಯನ್ನೂ ಸಾಮ್ರಾಜ್ಯಶಾಹಿಯನ್ನೂ ಮುರಿಯದೆ ಇವುಗಳಿಂದ ಬಿಡುಗಡೆಯಿಲ್ಲ. ಸಾಮ್ರಾಜ್ಯಶಾಹಿ ಎಂಬ ಮಾತು ಅಲ್ಲೇ ಇದೆ, ಗಮನಿಸಿ. ಹೀಗಾಗಿ ರೈಸ್ ಅವರನ್ನು ಅಳೆಯಲು ಅವರ ಬಣ್ಣ ಸಾಲದು, ಅವರು ಕೂತ ಕುರ್ಚಿಯನ್ನು ನೋಡಬೇಕು. ಕುರ್ಚಿ ಹತ್ತುವುದೇ ವಿಮೋಚನೆ ಎನ್ನುವ ವಾದ ಬೇರೆಯವರದು. ಈಗ ಅದು ಜೋರಾಗಿ ಓಡುತ್ತಿದೆ, ಕಂಪನಿಗಳಿಗೂ ಬಹಳ ಇಷ್ಟ; ಹಡಗಿಗೆ ಹೆಸರಿಡುವುದು ಅಗ್ಗದ ಕೆಲಸ.

ಇನ್ನು ಆ ನದಿ. ದಕ್ಷಿಣ ಕೆರೊಲಿನಾದ ಕಂಬಾಹೀ ನದಿಯಲ್ಲಿ 1863ರ ಜೂನ್ 2ರಂದು ಹ್ಯಾರಿಯೆಟ್ ಟಬ್‌ಮನ್ ಒಕ್ಕೂಟ ಸೇನೆಯ ದೋಣಿಗಳಿಗೆ ದಾರಿ ತೋರಿಸಿ ಏಳುನೂರಕ್ಕೂ ಹೆಚ್ಚು ಗುಲಾಮರನ್ನು ಬಿಡಿಸಿಕೊಂಡು ಬಂದರು. ಇದು ಸಾಮಾನ್ಯವಾಗಿ ಯುದ್ಧದ ಕಥೆಯಾಗಿ ಬರುತ್ತದೆ. ಆದರೆ ಆ ದಂಡೆಯಲ್ಲಿದ್ದದ್ದು ಭತ್ತದ ಗದ್ದೆ. ಜೌಗು ನೆಲದ ಮರ ಕಡಿದು, ಒಡ್ಡು ಕಟ್ಟಿ, ಉಬ್ಬರ ಇಳಿತ ನೋಡಿಕೊಂಡು ತೂಬು ತೆಗೆದು ಮುಚ್ಚಿ ನೀರು ಹಾಯಿಸುವ ಗದ್ದೆಗಳು. ಸೊಳ್ಳೆ, ಹಾವು, ಸೊಂಟದ ತನಕ ಕೆಸರು. ಒಂದೊಂದು ಬುಟ್ಟಿ ಮಣ್ಣು ಹೊತ್ತು ಅಷ್ಟನ್ನೂ ಮಾಡಿದವರು ಗುಲಾಮರು. ಪಶ್ಚಿಮ ಆಫ್ರಿಕದ ಭತ್ತದ ಸೀಮೆಯಿಂದ ಬಂದವರ ತಿಳಿವಳಿಕೆ ಅದರಲ್ಲಿ ಎಷ್ಟಿತ್ತು ಎಂಬುದರ ಬಗ್ಗೆ ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ. ಬೀಜ ಹಾಕಿ ಹಿಮ್ಮಡಿಯಿಂದ ಮಣ್ಣು ಮುಚ್ಚುವುದು, ಒರಳಲ್ಲಿ ಹಾಕಿ ಒನಕೆಯಿಂದ ಕುಟ್ಟುವುದು, ಮೊರದಂಥ ಚಪ್ಪಟೆ ಬುಟ್ಟಿಯಲ್ಲಿ ಕೇರುವುದು, ಇವುಗಳಲ್ಲಿ ಬಹುಪಾಲು ಹೆಂಗಸರ ಪಾಲಿಗೆ. ಅದೇ ಹೆಂಗಸು ಹೆತ್ತ ಮಗುವೂ ಯಜಮಾನನ ಆಸ್ತಿ. ನೆಲದ ಫಲ, ಮೈಯ ದುಡಿಮೆ, ಹೊಟ್ಟೆಯ ಕೂಸು ಮೂರನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯಲಾಗುತ್ತಿತ್ತು. ಪರಿಸರ ಬೇರೆ, ಅರ್ಥಶಾಸ್ತ್ರ ಬೇರೆ, ಹೆಣ್ಣಿನ ಪ್ರಶ್ನೆ ಬೇರೆ ಎಂದು ವಿಂಗಡಿಸುವ ಅನುಕೂಲ ಆ ಪುಸ್ತಕದ ಒಳಗೆ ಜಮೆಯಾದವರಿಗೆ ಇರಲಿಲ್ಲ. ನನ್ನ ವಾದ ಇದೊಂದೇ: ಹಲವು ಹೊರೆಗಳು ಬಂದು ಕೂಡುವ ಜಾಗದಲ್ಲಿ ನಿಂತರೆ ಅವುಗಳನ್ನು ಹೊರಿಸಿದ ಕೈಗಳ ನಡುವಿನ ನಂಟು ಕಾಣುತ್ತದೆ. ಅಲ್ಲಿ ಕನಿಕರ ಕೇಳುತ್ತಿಲ್ಲ, ಸಾಕ್ಷಿ ಹೇಳುತ್ತಿದ್ದಾರೆ.

ಅವರು: ಹೊತ್ತವರಿಗೆ ಹೊರೆಯ ತೂಕ ಗೊತ್ತಿರುತ್ತದೆ, ಒಪ್ಪಿದೆ. ತೂಕ ಗೊತ್ತಿದ್ದ ಮಾತ್ರಕ್ಕೆ ಅದು ಯಾವ ಗೋದಾಮಿನಿಂದ ಬಂತು ಎಂಬುದೂ ಗೊತ್ತಾಗಬೇಕೆಂದಿಲ್ಲ. ಕಾಯಿಲೆ ಅನುಭವಿಸಿದವನೇ ವೈದ್ಯನಾಗುವುದಿಲ್ಲ. ಇನ್ನೊಂದು, ಇದನ್ನೆಲ್ಲ ಬಡತನ ಎಂಬ ಒಂದೇ ಮಾತಿನಲ್ಲಿ ಹೇಳಬಹುದು. ಬಡವರ ಜಾಗ ಅಗ್ಗ, ಅಗ್ಗದ ಜಾಗಕ್ಕೆ ಕಾರ್ಖಾನೆ ಬರುತ್ತದೆ. ಬಣ್ಣವನ್ನೂ ಹೆಣ್ತನವನ್ನೂ ಎಳೆದು ತಂದು ಸರಳ ಲೆಕ್ಕವನ್ನು ಯಾಕೆ ಗೋಜಲು ಮಾಡಬೇಕು?

ಇವರು: ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ, ಅದಕ್ಕೆ ಅಂಕಿಯೇ ಇದೆ. 1978ರಲ್ಲಿ ಉತ್ತರ ಕೆರೊಲಿನಾದಲ್ಲಿ ಯಾರೋ ರಾತ್ರಿ ಹೊತ್ತು ಪಿಸಿಬಿ ಎಂಬ ವಿಷ ಬೆರೆತ ಎಣ್ಣೆಯನ್ನು ನೂರಾರು ಮೈಲಿ ರಸ್ತೆಯ ಅಂಚಿಗೆ ಸುರಿದು ಹೋದರು. ಆ ಮಣ್ಣನ್ನೆಲ್ಲ ಬಗೆದು ಹೂಳಲು ಸರ್ಕಾರ ಆರಿಸಿದ ಜಾಗ ವಾರನ್ ಕೌಂಟಿ. ಅಲ್ಲಿನ ಬಹುಪಾಲು ಜನ ಕಪ್ಪು ಜನಾಂಗದವರು, ಕುಡಿಯುವುದು ಬಾವಿ ನೀರು. 1982ರಲ್ಲಿ ಲಾರಿಗಳು ಬಂದಾಗ ಜನ ರಸ್ತೆಗೆ ಅಡ್ಡ ಮಲಗಿದರು. ಐನೂರಕ್ಕೂ ಹೆಚ್ಚು ಬಂಧನಗಳಾದವು. ಲಾರಿಗಳು ನಿಲ್ಲಲಿಲ್ಲ, ಪ್ರಶ್ನೆ ನಿಂತಿತು. ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನ ಆಯೋಗ ದೇಶದುದ್ದಕ್ಕೂ ಲೆಕ್ಕ ಹಾಕಿ 1987ರಲ್ಲಿ ವರದಿ ಕೊಟ್ಟಿತು. ವಿಷದ ಕಸದ ಘಟಕ ಎಲ್ಲಿ ಬರುತ್ತದೆ ಎಂಬುದನ್ನು ಮುಂಗಾಣಲು ಆದಾಯಕ್ಕಿಂತಲೂ, ಜಾಗದ ಬೆಲೆಗಿಂತಲೂ ಅಲ್ಲಿನವರ ಜನಾಂಗವೇ ಹೆಚ್ಚು ನೆರವಾಗುತ್ತದೆ ಎಂದು ಅದರಲ್ಲಿ ತಿಳಿಯಿತು. ಬಡತನದ ಲೆಕ್ಕ ಸುಳ್ಳಲ್ಲ, ಅರ್ಧ.

ಹೆಣ್ತನದ ವಿಷಯಕ್ಕೆ ಒಂದು ಮೊಕದ್ದಮೆ ನೋಡಿ. 1970ರ ದಶಕದಲ್ಲಿ ಐವರು ಕಪ್ಪು ಹೆಂಗಸರು ಜನರಲ್ ಮೋಟಾರ್ಸ್ ಮೇಲೆ ದಾವೆ ಹೂಡಿದರು. 1964ಕ್ಕೆ ಮುಂಚೆ ಕಂಪನಿ ಕಪ್ಪು ಹೆಂಗಸರನ್ನು ತೆಗೆದುಕೊಂಡಿರಲೇ ಇಲ್ಲ. ಆಮೇಲೆ ಕೆಲಸ ಕಡಿತ ಬಂದಾಗ ಕೊನೆಗೆ ಸೇರಿದವರನ್ನು ಮೊದಲು ತೆಗೆಯುವ ನಿಯಮದಿಂದ ಅವರೇ ಹೊರಬಿದ್ದರು. ನ್ಯಾಯಾಲಯ ಏನಂದಿತು? ಕಂಪನಿ ಹೆಂಗಸರನ್ನು ತೆಗೆದುಕೊಂಡಿತ್ತು, ಆದ್ದರಿಂದ ಲಿಂಗಭೇದವಿಲ್ಲ. ಆ ಹೆಂಗಸರು ಬಿಳಿಯರು. ಬಣ್ಣದ ವಿಚಾರಕ್ಕೆ ಇನ್ನೊಂದು ದಾವೆ ಇದೆ, ಅಲ್ಲಿಗೆ ಹೋಗಿ; ಎರಡನ್ನೂ ಕೂಡಿಸಿ ಹೊಸದೊಂದು ಹಕ್ಕು ಹುಟ್ಟಿಸಲಾಗದು. ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಈ ತೀರ್ಪನ್ನೇ ಎದುರಿಗಿಟ್ಟುಕೊಂಡು ಹೊರೆಗಳ ಹೆಣಿಗೆಗೆ ಇಂಟರ್‌ಸೆಕ್ಷನಾಲಿಟಿ ಎಂಬ ಹೆಸರು ಕೊಟ್ಟರು. ಆ ಪದ ಈಗ ಸವೆದು ಹೋಗಿದೆ, ಮೂರು ಸಾಲಿಗೊಮ್ಮೆ ಬಳಸುವವರೂ ಇದ್ದಾರೆ. ಮೊಕದ್ದಮೆ ಸವೆದಿಲ್ಲ. ಎರಡು ಬಾಗಿಲಿನಲ್ಲೂ ನಿಮ್ಮದು ಪಕ್ಕದ ಬಾಗಿಲು ಎಂದು ಹೇಳಿ ಕಳಿಸುವ ಕಚೇರಿ ನಮಗೂ ಗೊತ್ತಿರುವಂಥದ್ದೇ.

ಅವರು: ಮೊದಲನೆಯದಕ್ಕೆ ಉತ್ತರ ಬಾಕಿ. ಜೊತೆಗೆ ಇದನ್ನೂ ಸೇರಿಸಿಕೊಳ್ಳಿ. ನೀವು ಹೇಳಿದ್ದೆಲ್ಲ ಅಮೆರಿಕದ ಸಂಗತಿ. ಅಲ್ಲಿ ಬಿಳಿಯರು ಬಹುಸಂಖ್ಯಾತರು, ಬಣ್ಣ ಎದ್ದು ಕಾಣುತ್ತದೆ. ನೈಜೀರಿಯಾದಲ್ಲಿ ಅಧ್ಯಕ್ಷ ಕಪ್ಪು, ಗವರ್ನರ್ ಕಪ್ಪು, ಹೆಂಗಸರನ್ನು ಹೊಡೆಯುವ ಪೊಲೀಸನೂ ಕಪ್ಪು. ಎಸ್ಕ್ರಾವೋಸ್ ತೈಲದ ಜಂಟಿ ಉದ್ಯಮದಲ್ಲಿ ಶೇ. 60 ಪಾಲು ನೈಜೀರಿಯಾ ಸರ್ಕಾರದ್ದೇ. ಅಲ್ಲಿ ಜನಾಂಗದ ಮಾತು ಎಲ್ಲಿ ಬಂತು?

ಇವರು: ಎರಡಕ್ಕೂ ಉತ್ತರ ಅದೇ ನಾಡಿನ ಹಳೆಯ ಕಥೆಯಲ್ಲಿದೆ. ಮುಖಜಭೂಮಿಯ ಒಳಸುತ್ತಿನ ನದಿಗಳನ್ನು ಬ್ರಿಟಿಷರು ಕರೆದದ್ದು ಎಣ್ಣೆ ನದಿಗಳು ಎಂದು; 1885ರ ಸುಮಾರಿಗೆ ಅಲ್ಲಿ ಸ್ಥಾಪಿಸಿದ ಆಡಳಿತಕ್ಕೂ ಅದೇ ಹೆಸರು. ಪೆಟ್ರೋಲಿಯಮ್ ಎಣ್ಣೆಯಲ್ಲ, ತಾಳೆಯೆಣ್ಣೆ. ಲಿವರ್‌ಪೂಲ್‌ನ ವ್ಯಾಪಾರಿಗಳು ಮೊದಲು ಅಲ್ಲಿಂದ ಮನುಷ್ಯರನ್ನು ಒಯ್ದರು, ಗುಲಾಮ ವ್ಯಾಪಾರ ನಿಷೇಧವಾದ ಮೇಲೆ ಅದೇ ನದಿಗಳಿಂದ ಸಾಬೂನಿಗೂ ಯಂತ್ರಕ್ಕೂ ತಾಳೆಯೆಣ್ಣೆ ಒಯ್ದರು. 1956ರಲ್ಲಿ ಒಲೊಯ್‌ಬಿರಿಯಲ್ಲಿ ಕಚ್ಚಾ ತೈಲ ಸಿಕ್ಕಿತು. ಸರಕು ಎರಡು ಸಲ ಬದಲಾಯಿತು, ನದಿಯ ಹರಿವಿನ ದಿಕ್ಕು ಬದಲಾಗಲಿಲ್ಲ. ಇಂಥ ಕಡೆ ಬಣ್ಣ ಅಂದರೆ ಎದುರು ನಿಂತ ಅಧಿಕಾರಿಯ ಮೈಬಣ್ಣವಲ್ಲ. ಈ ನೆಲ ಕೊಡುವ ನೆಲ, ಈ ಜನ ಕೇಳದೆ ತೆಗೆದುಕೊಳ್ಳಬಹುದಾದ ಜನ ಎಂದು ಇನ್ನೂರು ಮುನ್ನೂರು ವರ್ಷಗಳಲ್ಲಿ ನೆಲೆನಿಂತ ಒಂದು ರೂಢಿ. ಸ್ವಾತಂತ್ರ್ಯ ಬಂದಾಗ ಹೊಸ ಸರ್ಕಾರ ಆ ರೂಢಿಯನ್ನೇ ಆಸ್ತಿಯಾಗಿ ಪಡೆಯಿತು. 1978ರ ಭೂಬಳಕೆ ಕಾನೂನು ರಾಜ್ಯದ ನೆಲವನ್ನೆಲ್ಲ ಗವರ್ನರ್ ಕೈಗೆ ಒಪ್ಪಿಸಿದ್ದು ಆ ಪರಂಪರೆಯಲ್ಲೇ. ನಿಮ್ಮ ಶೇ. 60 ನನ್ನ ವಾದವನ್ನು ಕೆಡವುವುದಿಲ್ಲ; ಯಜಮಾನ ಬದಲಾದರೂ ಲೆಕ್ಕದ ಪುಸ್ತಕ ಬದಲಾಗಲಿಲ್ಲ ಎಂಬುದಕ್ಕೆ ಅದೇ ದಾಖಲೆ.

ಈಗ ಗೋದಾಮು ಗೊತ್ತಾಗುವ ಪ್ರಶ್ನೆ. 1929ರ ನವೆಂಬರಿನಲ್ಲಿ ಇಗ್ಬೊ ಸೀಮೆಯ ಒಲೊಕೊ ಎಂಬ ಊರಿನಲ್ಲಿ ನ್ವಾನ್ಯೆರುವಾ ಎಂಬಾಕೆ ಮನೆಯಂಗಳದಲ್ಲಿ ತಾಳೆಯೆಣ್ಣೆ ತೆಗೆಯುತ್ತಿದ್ದಳು. ಬ್ರಿಟಿಷರು ನೇಮಿಸಿದ ಮುಖ್ಯಸ್ಥನ ಕಡೆಯವನೊಬ್ಬ ಬಂದು ನಿನ್ನ ಆಡು ಎಷ್ಟು, ಕುರಿ ಎಷ್ಟು, ಮನೆಯಲ್ಲಿ ಜನ ಎಷ್ಟು ಎಂದು ಎಣಿಸಲು ಹೊರಟ. ನಿನ್ನ ತಾಯಿಯನ್ನು ಯಾರಾದರೂ ಎಣಿಸಿದ್ದರೇ ಎಂಬರ್ಥದ ಮಾತು ಅವಳ ಬಾಯಿಂದ ಬಂತು, ಕೈಕೈ ಮಿಲಾಯಿಸಿತು, ಎಣ್ಣೆ ಮೆತ್ತಿದ ಕೈಯಲ್ಲೇ. ಯಾಕಷ್ಟು ಸಿಟ್ಟು? ಕೆಲವು ವರ್ಷಗಳ ಹಿಂದೆ ಗಂಡಸರನ್ನು ಹೀಗೇ ಎಣಿಸಿ, ಆಮೇಲೆ ತಲೆಗಂದಾಯ ಹಾಕಿದ್ದರು. ತಾಳೆಯೆಣ್ಣೆಗೆ ಸಿಗುವ ಬೆಲೆ ಕುಸಿಯುತ್ತಿತ್ತು, ಸಂತೆಯಲ್ಲಿ ಕೊಳ್ಳುವ ಸಾಮಾನಿನ ಬೆಲೆ ಏರುತ್ತಿತ್ತು. ಎಣ್ಣೆ ತೆಗೆಯುವವಳೂ ಅವಳೇ, ಮಾರುವವಳೂ ಅವಳೇ, ಗಂಡನ ಕಂದಾಯಕ್ಕೆ ದುಡ್ಡು ಹೊಂದಿಸುವವಳೂ ಅವಳೇ. ಜನಗಣತಿ, ತೆರಿಗೆ, ಲಂಡನ್ನಿನ ಮಾರುಕಟ್ಟೆ ಇವು ಒಂದೇ ಹಗ್ಗದ ಎಳೆಗಳೆಂದು ತಿಳಿಯಲು ಅವಳಿಗೆ ಪುಸ್ತಕ ಬೇಕಾಗಲಿಲ್ಲ. ಮೂರೂ ಎಳೆಗಳು ಅವಳ ಅಂಗಳದಲ್ಲೇ ಗಂಟುಬಿದ್ದಿದ್ದವು. ಸುದ್ದಿ ಊರಿಂದೂರಿಗೆ ಹಬ್ಬಿ ಹತ್ತಾರು ಸಾವಿರ ಹೆಂಗಸರು ಬೀದಿಗಿಳಿದರು. ತಪ್ಪು ಮಾಡಿದ ಗಂಡಸಿನ ಮನೆ ಮುತ್ತಿ ಹಾಡು ಕಟ್ಟಿ ಹಂಗಿಸಿ, ಮಾತು ಕೊಡುವ ತನಕ ಕದಲದ ಅವರ ಹಳೆಯ ಪದ್ಧತಿಯೊಂದಿತ್ತು, ಅದನ್ನೇ ಸರ್ಕಾರಿ ಮುಖ್ಯಸ್ಥರ ಮೇಲೂ ನ್ಯಾಯಾಲಯಗಳ ಮೇಲೂ ಪ್ರಯೋಗಿಸಿದರು. ಸೈನಿಕರು ಗುಂಡು ಹಾರಿಸಿ 50ಕ್ಕೂ ಹೆಚ್ಚು ಹೆಂಗಸರು ಸತ್ತರು. ಸರ್ಕಾರದ ಕಡತದಲ್ಲಿ ಇದಕ್ಕೆ ಅಬಾ ಗಲಭೆ ಎಂದು ಹೆಸರು. ಆ ಹೆಂಗಸರು ಕರೆದದ್ದು ಹೆಂಗಸರ ಯುದ್ಧ ಎಂದು. ಗಲಭೆ ಅಂದರೆ ತಲೆಕೆಟ್ಟ ಗುಂಪು. ಯುದ್ಧ ಅಂದರೆ ಗುರಿ, ಯೋಜನೆ, ಶತ್ರು ಯಾರೆಂಬ ತಿಳಿವಳಿಕೆ. ನೀವು ಕೇಳಿದ ಪ್ರಶ್ನೆಯೂ ಇದೇ ಅಲ್ಲವೇ, ಅವರಿಗೆ ತಿಳಿದಿತ್ತೇ ಎಂದು?

ಅವರು: ತಿಳಿದಿತ್ತು ಅನ್ನಿ. ಆದರೆ 2002ಕ್ಕೆ ಬನ್ನಿ. ಆ ಹೆಂಗಸರು ಕೇಳಿದ್ದೇನು? ಗಂಡುಮಕ್ಕಳಿಗೆ ಕಂಪನಿಯಲ್ಲಿ ಕೆಲಸ. ಕರೆಂಟು, ನೀರು, ಶಾಲೆ. ಕೊನೆಗೆ ಒಪ್ಪಂದವಾದದ್ದು ಐದು ವರ್ಷದಲ್ಲಿ 25 ಮಂದಿಗೆ ಕೆಲಸ, ಒಂದಷ್ಟು ಕಟ್ಟಡ, ಮೀನು ಸಾಕಣೆ ಕೋಳಿ ಸಾಕಣೆಗೆ ನೆರವು. ಸಾಮ್ರಾಜ್ಯಶಾಹಿ ಎಲ್ಲಿದೆ ಇದರಲ್ಲಿ? ಪರಿಸರ ಎಲ್ಲಿದೆ? ಹೆಣ್ಣಿನ ಹಕ್ಕಾದರೂ ಎಲ್ಲಿದೆ? ಅವರು ತೈಲ ನಿಲ್ಲಿಸಿ ಅನ್ನಲಿಲ್ಲ, ತೈಲದಲ್ಲಿ ಪಾಲು ಕೇಳಿದರು. ನೀವು ಬಾಸ್ಟನ್ನಿನ ಹೇಳಿಕೆಯನ್ನು ಅವರ ಬಾಯಿಗೆ ತುರುಕುತ್ತಿದ್ದೀರಿ.

ಇವರು: ಇದು ಗಟ್ಟಿ ಆಕ್ಷೇಪ, ಪೂರ್ತಿ ಉತ್ತರ ನನ್ನಲ್ಲಿಲ್ಲ. ಮಗನಿಗೆ ಕೆಲಸ ಕೇಳಿದ ತಾಯಿ ಮಗಳಿಗೆ ಕೇಳಲಿಲ್ಲ ಎಂಬುದನ್ನು ಸ್ತ್ರೀವಾದಿಗಳು ಮುಚ್ಚಿಡಬಾರದು. ತಾಯ್ತನದ ಹೆಸರಿನಲ್ಲಿ ಬೀದಿಗೆ ಬಂದರೆ ಸಿಗುವ ಬಲದ ಜೊತೆಗೆ ಬರುವ ಬೇಲಿ ಇದು: ತಾಯಿಯಾಗಿ ಬಂದವಳಿಗೆ ತಾಯಿಯ ಬೇಡಿಕೆಯಷ್ಟೇ ಶೋಭೆ ಎಂದು ಲೋಕ ನಂಬಿರುತ್ತದೆ. ಹಾಗಿದ್ದೂ ಎರಡು ಸಂಗತಿ ನೋಡಿ. ಹೆಂಗಸರೇ ಯಾಕೆ ಹೋದರು? 1998ರ ಮೇ ತಿಂಗಳಲ್ಲಿ ಇಲಾಜೆ ಸಮುದಾಯದ ಗಂಡಸರು ಅದೇ ಕಂಪನಿಯ ಪರಾಬೆ ಎಂಬ ಕಡಲ ವೇದಿಕೆಯನ್ನು ಹೀಗೇ ಹಿಡಿದಿದ್ದರು. ಕಂಪನಿ ಬಾಡಿಗೆಗೆ ಪಡೆದಿದ್ದ ಹೆಲಿಕಾಪ್ಟರುಗಳಲ್ಲಿ ಸೈನಿಕರು ಬಂದು ಗುಂಡು ಹಾರಿಸಿದರು, ಇಬ್ಬರು ಸತ್ತರು. ಸಂತ್ರಸ್ತರು ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಲಯದ ತನಕ ಹೋದರು. 2008ರಲ್ಲಿ ಜ್ಯೂರಿ ಕಂಪನಿಯ ಪರ ತೀರ್ಪಿತ್ತಿತು. ಗಂಡಸರು ಹೋದರೆ ಹೆಣ ಬೀಳುತ್ತದೆ ಎಂಬುದು ಆ ಕರಾವಳಿಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲದ ಪಾಠವಾಗಿತ್ತು. ಸೈನ್ಯ, ಹೆಲಿಕಾಪ್ಟರು, ಅಮೆರಿಕದ ನ್ಯಾಯಾಲಯ, ಇದಕ್ಕಿಂತ ಹೆಚ್ಚಿನ ಸಾಮ್ರಾಜ್ಯಶಾಹಿ ಬೇಕೇ? ಆ ಪದ ಅವರ ಪಟ್ಟಿಯಲ್ಲಿ ಇರಲಿಲ್ಲ. ಮೈಮೇಲಿನ ಬಟ್ಟೆ ಬಿಚ್ಚುತ್ತೇವೆ ಎಂಬ ಅವರ ಬೆದರಿಕೆಯಲ್ಲಿ ಇತ್ತು. ಮಣಿಪುರದ ಹೆಂಗಸರು 2004ರಲ್ಲಿ ಕಾಂಗ್ಲಾ ಕೋಟೆಯ ಮುಂದೆ ಬೆತ್ತಲಾಗಿ ನಿಂತು ಪ್ರತಿಭಟಿಸಿದ್ದನ್ನು ನೆನೆದರೆ ನಮಗೆ ಇದು ಅಪರಿಚಿತವಲ್ಲ. ಆದರೂ ಎರಡೂ ಒಂದೇ ಅಲ್ಲ. ನೈಜೀರಿಯಾದ ಆ ಭಾಗದಲ್ಲಿ ಹಿರಿಯ ಹೆಂಗಸು ಬೆತ್ತಲಾಗಿ ಎದುರು ನಿಂತರೆ ಅದು ಶಾಪ. ಹೆತ್ತ ಮೈ ಕೊಟ್ಟ ಜೀವವನ್ನು ವಾಪಸು ಕೇಳುತ್ತದೆ ಎಂಬ ನಂಬಿಕೆ. ಪೊಲೀಸನಿಗೂ ಅದೇ ನಂಬಿಕೆ ಇದ್ದದ್ದರಿಂದ ಅದು ಕೆಲಸ ಮಾಡಿತು.

ಎರಡನೆಯದು, ಪರಿಸರ ಅದರಲ್ಲಿ ಇಲ್ಲ ಅಂದಿರಿ. ಕುಡಿಯುವ ನೀರು ಪರಿಸರವಲ್ಲದಿದ್ದರೆ ಮತ್ತೇನು? ಸ್ವಲ್ಪ ಪೂರ್ವಕ್ಕೆ ಒಗೊನಿ ಸೀಮೆಯಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2011ರಲ್ಲಿ ಕೊಟ್ಟ ವರದಿ ತೆಗೆದು ನೋಡಿ. ಅಲ್ಲಿನ ಒಂದು ಊರಿನಲ್ಲಿ ಜನ ಕುಡಿಯುತ್ತಿದ್ದ ಬಾವಿ ನೀರಿನಲ್ಲಿ ಬೆಂಜೀನ್ ಎಂಬ ಕ್ಯಾನ್ಸರ್‌ಕಾರಕ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟು ಹೆಚ್ಚಿತ್ತು. ನೆಲ ನೀರು ಶುದ್ಧವಾಗಲು 25ರಿಂದ 30 ವರ್ಷ ಬೇಕಾಗಬಹುದು ಎಂದರು. ಆ ನೀರನ್ನು ಸೇದಿ ತರುವವರು, ಅದರಲ್ಲಿ ಬೇಯಿಸುವವರು, ಅದರಲ್ಲಿ ಮಗುವನ್ನು ಮೀಯಿಸುವವರು ಯಾರೆಂದು ವರದಿ ಹೇಳಬೇಕಾಗಿಲ್ಲ. ಕಾಂಡ್ಲಾ ಕಾಡಿನ ಬೇರಿಗೆ ತೈಲ ಮೆತ್ತಿದರೆ ಮೀನುಮರಿ ನಿಲ್ಲುವುದಿಲ್ಲ; ಹಿಡಿದ ಮೀನನ್ನು ಒಣಗಿಸಿ ಮಾರುವ ಹೆಂಗಸಿನ ಬುಟ್ಟಿ ಖಾಲಿಯಾಗುತ್ತದೆ. ಪರಿಸರವೆಂದರೆ ಹುಲಿ, ಹಿಮಕರಡಿ, ಊರಾಚೆಯ ಕಾಡು ಎಂದುಕೊಂಡವರಿಗೆ ಉಗ್ಬೊರೊಡೊ ಹೆಂಗಸರ ಪಟ್ಟಿ ಪಂಚಾಯಿತಿ ಅರ್ಜಿಯ ಹಾಗೆ ಕಾಣುತ್ತದೆ. ಕಪ್ಪು ಸ್ತ್ರೀವಾದ ಪರಿಸರ ಚಿಂತನೆಗೆ ಕೊಟ್ಟ ದೊಡ್ಡ ತಿದ್ದುಪಡಿಯೇ ಇದು. 1991ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಬಿಳಿಯರಲ್ಲದವರ ಪರಿಸರ ಸಮಾವೇಶ ಒಪ್ಪಿದ 17 ತತ್ವಗಳ ಹಿಂದೆಯೂ ಇದೇ ತಿಳಿವಳಿಕೆ ಇದೆ: ನಾವು ಬದುಕುವ, ದುಡಿಯುವ, ಆಡುವ ಜಾಗವೇ ಪರಿಸರ.

ಅವರು: ಹಾಗಾದರೆ ಇದು ಹೆಣ್ಣು ಪ್ರಕೃತಿಗೆ ಹತ್ತಿರ ಎನ್ನುವ ಹಳೆಯ ರಾಗವೇ. ಅದನ್ನು ನಾವು ಇಲ್ಲೇ ಸಾಕಷ್ಟು ಕೇಳಿದ್ದೇವೆ. ಮರ ನೆಟ್ಟ ಹೆಣ್ಣನ್ನು ವನದೇವತೆ ಮಾಡಿ ಕೈಮುಗಿದು ಬಿಡುವುದು.

ಇವರು: ಆ ರಾಗಕ್ಕೆ ಎಲ್ಲರಿಗಿಂತ ಮೊದಲು ಕಿವಿ ಮುಚ್ಚಿಕೊಳ್ಳುವವರು ಕಪ್ಪು ಸ್ತ್ರೀವಾದಿಗಳೇ. ಕಂಬಾಹೀ ದಂಡೆಯಲ್ಲಿ ಕಪ್ಪು ಹೆಂಗಸರನ್ನು ಪ್ರಕೃತಿ ಎಂದೇ ಎಣಿಸಲಾಗಿತ್ತು, ಎತ್ತು ಎಮ್ಮೆಗಳ ಸಾಲಿನಲ್ಲಿ. ಹಾಗೆ ಎಣಿಸಿಕೊಂಡವರಿಗೆ ನೀನು ಪ್ರಕೃತಿಯ ಮಗಳು ಎಂಬ ಹೊಗಳಿಕೆ ರುಚಿಸುವುದಿಲ್ಲ. ಕೀನ್ಯಾದ ವಂಗಾರಿ ಮಾಥಾಯ್ ಅವರ ವಿಷಯದಲ್ಲಿ ಲೋಕ ಮಾಡಿದ್ದು ನೀವು ಹೇಳಿದ ಕೈಮುಗಿಯುವ ಕೆಲಸವೇ. 1977ರಲ್ಲಿ ಶುರುವಾದ ಅವರ ಹಸಿರು ಪಟ್ಟಿ ಚಳವಳಿ ಕೋಟಿಗಟ್ಟಲೆ ಸಸಿ ನೆಟ್ಟಿತು, 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು, ಚಿತ್ರಗಳಲ್ಲಿ ಸಸಿ ಹಿಡಿದ ನಗುಮುಖವಷ್ಟೇ ಉಳಿಯಿತು. 1989ರಲ್ಲಿ ನೈರೋಬಿಯ ಉಹುರು ಉದ್ಯಾನದಲ್ಲಿ ಆಡಳಿತ ಪಕ್ಷ ಎಬ್ಬಿಸಲು ಹೊರಟಿದ್ದ 60 ಅಂತಸ್ತಿನ ಗೋಪುರಕ್ಕೆ ಅಡ್ಡ ನಿಂತವರು, ವಿದೇಶಿ ಸಾಲದಾತರು ಹಿಂಜರಿಯುವಂತೆ ಮಾಡಿ ಅದನ್ನು ತಡೆದವರು ಅವರೇ. 1992ರಲ್ಲಿ ರಾಜಕೀಯ ಕೈದಿಗಳ ತಾಯಂದಿರ ಜೊತೆ ಉಪವಾಸ ಕೂತು ಪೊಲೀಸರಿಂದ ಪೆಟ್ಟು ತಿಂದರು, ಬಡ ದೇಶಗಳ ಸಾಲ ಮನ್ನಾಕ್ಕಾಗಿ ಹೋರಾಡಿದ ಆಫ್ರಿಕದ ಜುಬಿಲಿ 2000 ಅಭಿಯಾನದ ಮುಂದಾಳಾದರು. ಸಾಲ ತೀರಿಸಲು ಕಾಫಿ, ಚಹಾ. ಅವಕ್ಕೆ ಜಾಗ ಮಾಡಲು ಕಾಡು ಕಡಿತ. ಕಾಡು ಹೋದರೆ ಒಲೆಗೆ ಸೌದೆಯಿಲ್ಲ, ತೊರೆಯಲ್ಲಿ ನೀರಿಲ್ಲ. ಸಸಿ ನೆಡುವುದು ಅವರಿಗೆ ಈ ಸರಪಳಿಯ ಕೊನೆಯ ಕೊಂಡಿಯಲ್ಲಿ ಕೈಹಾಕುವ ಕೆಲಸವಾಗಿತ್ತು. ಕೊಂಡಿ ಎಳೆದಾಗ ಆ ತುದಿಯಲ್ಲಿದ್ದ ಸರ್ಕಾರ ಅಲುಗಾಡಿದ್ದರಿಂದಲೇ ಪೆಟ್ಟು ಬಿದ್ದದ್ದು.

ಅವರು: ಸರಪಳಿ ಒಪ್ಪುತ್ತೇನೆ. ಆದರೂ ಒಂದು ಅಳುಕು. ಇಷ್ಟು ತಿಳಿದ ಹೆಂಗಸರು ಗೆದ್ದದ್ದೆಷ್ಟು? ಎಸ್ಕ್ರಾವೋಸ್ ಆದ ಮೇಲೂ ತೈಲ ಹರಿಯಿತು.

ಇವರು: ಹರಿಯಿತು. ಇಟ್ಸೆಕಿರಿ ಹೆಂಗಸರು ಹೊರಬರುವ ಹೊತ್ತಿಗೆ ಇಜಾ ಸಮುದಾಯದ ಹೆಂಗಸರು ಅದೇ ಕಂಪನಿಯ ನಾಲ್ಕು ತೈಲ ಸಂಗ್ರಹ ಕೇಂದ್ರಗಳನ್ನು ಹಿಡಿದರು. ಆಗಸ್ಟಿನಲ್ಲಿ ವಾರಿ ಪಟ್ಟಣದ ಕಂಪನಿ ಕಚೇರಿಗಳ ಮುಂದೆ ಎರಡೂ ಸಮುದಾಯದವರು ಸೇರಿಯೇ ನಿಂತರು, ಪೊಲೀಸರ ಪೆಟ್ಟು ತಿಂದರು. ಹಿಂದಿನ ಕೆಲವು ವರ್ಷ ಇದೇ ಎರಡು ಸಮುದಾಯಗಳ ಗಂಡಸರು ವಾರಿಯ ಸುತ್ತ ಒಬ್ಬರನ್ನೊಬ್ಬರು ಕೊಂದಿದ್ದರು. ಮರುವರ್ಷ ಮತ್ತೆ ಕೊಂದರು. ಗುರುತಿನ ರಾಜಕಾರಣ ಒಡೆಯುತ್ತದೆ ಎಂದು ಶುರುವಿನಲ್ಲಿ ಅಂದಿರಲ್ಲ, ಒಡೆದ ಊರಿನಲ್ಲಿ ಕೆಲವು ವಾರ ಒಂದಾಗಿ ನಿಂತವರು ತಾವು ಯಾರೆಂದು ಚೆನ್ನಾಗಿ ಗೊತ್ತಿದ್ದವರೇ. ಅದು ಬಾಳಲಿಲ್ಲ, ನಿಜ. ಗೆಲುವಿನ ಮಾತಿಗೆ ಬಂದರೆ ಇದನ್ನು ನಾವು ಗ್ಯಾಲರಿಯಲ್ಲಿ ಕೂತು ಕೇಳುವ ಹಾಗಿಲ್ಲ. 2010ರ ದಶಕದಲ್ಲಿ ನೈಜೀರಿಯಾದ ಕಚ್ಚಾ ತೈಲದ ಅತಿ ದೊಡ್ಡ ಗಿರಾಕಿಗಳಲ್ಲಿ ಭಾರತವೂ ಒಂದಾಗಿತ್ತು. ಆ ನದಿಯ ಸರಕು ನಮ್ಮ ಬಂಕುಗಳ ಮೂಲಕ ನಮ್ಮ ಸ್ಕೂಟರಿಗೂ ಬಂದಿರಬಹುದು.

ಅವರು: ನೀವೇ ಹೇಳಿ, ತೈಲ ನಿಂತರೆ ಅವರಿಗೆ ಒಳ್ಳೆಯದೇ? ಮುಖಜಭೂಮಿಯ ಕೆಲವು ಹಳ್ಳಿಗಳಲ್ಲಿ ಹೆಂಗಸರು ಮರಗೆಣಸಿನ ಹಿಟ್ಟನ್ನು ಒಣಗಿಸುವುದು ತೈಲಬಾವಿಯ ಪಕ್ಕ ಉರಿಯುವ ಅನಿಲದ ಬೆಂಕಿಯ ಕಾವಿನಲ್ಲಂತೆ. ಬಿಸಿಲಿಗಿಂತ ಬೇಗ, ಸೌದೆಯ ಖರ್ಚಿಲ್ಲ. ಅಲ್ಲಿನ ನ್ಯಾಯಾಲಯವೊಂದು 2005ರಲ್ಲಿ ಆ ಬೆಂಕಿ ಬದುಕುವ ಹಕ್ಕಿನ ಉಲ್ಲಂಘನೆ ಎಂದಿತು. ಬೆಂಕಿ ಆರಿದರೆ ಅವರ ಕಸುಬು ಏನಾಗಬೇಕು?

ಇವರು: ಬೆಂಕಿ ಇನ್ನೂ ಆರಿಲ್ಲ, ತೀರ್ಪು ಬಂದಮೇಲೂ ಉರಿಯುತ್ತಿದೆ, ಹಾಗಾಗಿ ಆ ಚಿಂತೆ ಸದ್ಯಕ್ಕೆ ನಮ್ಮಂಥವರದಷ್ಟೇ. ಆದರೆ ಪ್ರಶ್ನೆ ಸರಿಯಾಗಿದೆ. ಆ ಹೆಂಗಸಿನ ಚಿತ್ರವನ್ನು ಕಣ್ಣಮುಂದೆ ತಂದುಕೊಳ್ಳಿ. ಎರಡಾಳೆತ್ತರದ ಜ್ವಾಲೆ, ಕಿವಿಗಡಚಿಕ್ಕುವ ಸದ್ದು, ನೆಲದ ಮೇಲೆ ಸಾಲಾಗಿ ಹರಡಿದ ಬಿಳಿ ಹಿಟ್ಟು. ಕಾವಿಗೆ ಮುಖ ತಿರುಗಿಸಿಕೊಂಡು ಅವಳು ಹಿಟ್ಟನ್ನು ಮಗುಚುತ್ತಿದ್ದಾಳೆ. ಉಸಿರಿಗೆ ಮಸಿ, ಹಿಟ್ಟಿಗೆ ಮಸಿ, ರಾತ್ರಿಯೂ ಹಗಲಿನಂತೆ ಬೆಳಕು. ಪರಿಸರವಾದಿಗೆ ಅಲ್ಲಿ ಹೊರಸೂಸುವ ಅನಿಲ ಕಾಣುತ್ತದೆ, ಅರ್ಥಶಾಸ್ತ್ರಜ್ಞನಿಗೆ ಪುಕ್ಕಟೆ ಇಂಧನ, ಕಂಪನಿಗೆ ಹಿಡಿದಿಡಲು ದುಬಾರಿಯಾದ ಅನಿಲ. ಮೂವರಲ್ಲಿ ಯಾರೂ ಅವಳನ್ನು ಕೇಳಿಲ್ಲ. ಬೆಂಕಿ ಆರಿಸುವ ಯೋಜನೆಯ ಕಡತದಲ್ಲಿ ಅವಳ ಒಲೆಗೊಂದು ಸಾಲು ಬರೆಯಬೇಕಾಗುತ್ತದೆ, ಕೈಗೆಟಕುವ ಕರೆಂಟೋ ಒಣಗಿಸುವ ಯಂತ್ರವೋ. ಆ ಸಾಲು ಬರೆಯಬೇಕಾದರೆ ಅವಳು ಏನು ಬೇಯಿಸುತ್ತಾಳೆ, ಸಂತೆಯಲ್ಲಿ ಎಷ್ಟಕ್ಕೆ ಮಾರುತ್ತಾಳೆ, ಯಾರ ಫೀಜು ಕಟ್ಟುತ್ತಾಳೆ ಎಲ್ಲ ಗೊತ್ತಿರಬೇಕು. ಉಗ್ಬೊರೊಡೊ ಹೆಂಗಸರ ಪಟ್ಟಿಯಲ್ಲಿ ಕರೆಂಟು ಇತ್ತು ಎಂದು ಆಗಲೇ ನಗುವ ಧಾಟಿಯಲ್ಲಿ ಹೇಳಿದಿರಿ. ಟರ್ಮಿನಲ್ಲಿನ ದೀಪಗಳು ಅವರ ಊರಿನಿಂದ ರಾತ್ರಿಯೆಲ್ಲ ಕಾಣುತ್ತಿದ್ದವು. ಊರಲ್ಲಿ ಮಾತ್ರ ಕತ್ತಲೆ.